ಬೆರಳ ಸಂದಿಯಿಂದ ಹಾರಿದ ಅವರೆಬೇಳೆ

ಪುಳಕ್! ಅಷ್ಟೇ ಸದ್ದು. ನೆನೆದ ಅವರೆಕಾಳೊಂದು ನಾಲ್ಕೂವರೆ ವರ್ಷದ ಹುಡುಗಿಯ ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಚಿಮ್ಮಿ, ಪಾತ್ರೆ ದಾಟಿ, ಗೋಡೆಗೆ ಬಡಿದು, ಅಜ್ಜಿಯ ಮಡಿಲಿಗೆ ಬಿತ್ತು. ಸಿಪ್ಪೆ ಮಾತ್ರ ಅವಳ ಬೆರಳಿಗೇ ಅಂಟಿಕೊಂಡಿತ್ತು. ಅಡುಗೆಮನೆಯಲ್ಲಿ ಕೂತಿದ್ದ ನಾವು ನಾಲ್ವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅವಳು ಒಮ್ಮೆ ಬೆರಳನ್ನು ನೋಡಿಕೊಂಡಳು, ಒಮ್ಮೆ ಗೋಡೆಯನ್ನು ನೋಡಿದಳು, ಆಮೇಲೆ ಇಡೀ ಮನೆ ಕೇಳುವ ಹಾಗೆ ಕೂಗಿದಳು: "ಅಜ್ಜೀ, ಹಾಯ್ತು!"

ಸೊಗಡವರೆಯ ಕಾಲ. ಹಿದುಕಿದ ಬೇಳೆ ಸಾರಿಗೆಂದು ಎಲ್ಲರೂ ಸುತ್ತ ಕೂತು ಕಾಳು ಹಿದುಕುವ ಡಿಸೆಂಬರ್ ಸಂಜೆ. ಹಳೇ ಮೈಸೂರು ಸೀಮೆಯ ಯಾವ ಮನೆಯಲ್ಲಾದರೂ ಕಾಣುವ ದೃಶ್ಯ. ಆದರೆ ಆ ಕಾಳು ಹಾರಿದ್ದು ನನ್ನ ತಂಗಿಯ ಮಗಳ ಕೈಯಿಂದ. ಅವಳಿಗೆ ಡೌನ್ ಸಿಂಡ್ರೋಮ್ ಇದೆ. ಹುಟ್ಟಿದಾಗ ಎತ್ತಿಕೊಂಡರೆ ಬೆಣ್ಣೆಮುದ್ದೆಯ ಹಾಗೆ ತೋಳಿನಿಂದ ಜಾರುತ್ತಿದ್ದಳು. ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕೀಲುಗಳ ಕಟ್ಟು ಸಡಿಲ, ಬೆರಳುಗಳು ಮೋಟು. ಚಮಚ ಹಿಡಿದರೆ ಬೀಳುತ್ತಿತ್ತು, ಗುಂಡಿ ಹಾಕಿಕೊಳ್ಳುವುದು ಇವತ್ತಿಗೂ ಆಗುವುದಿಲ್ಲ. ಅಂಥ ಬೆರಳುಗಳು ಒಂದು ಕಾಳನ್ನು ಹಿಡಿದು, ಅದುಮಿ, ಸಿಪ್ಪೆಯಿಂದ ಬೇಳೆಯನ್ನು ಹೊರಗೆ ಹಾರಿಸಿದ್ದವು!

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಚಿಕ್ಕ ಕೆಲಸದೊಳಗೆ ಏನೇನು ಅಡಗಿದೆ ಎಂದು ಹುಡುಕುತ್ತಾ ಹೋದವಳು ಇನ್ನೂ ಹಿಂದಿರುಗಿ ಬಂದಿಲ್ಲ.

ಕಾಳು ಹಾರಬೇಕಾದರೆ ಮೊದಲು ಬೆನ್ನು ನೇರ ನಿಲ್ಲಬೇಕು. ಬೆನ್ನು ನಿಂತರೆ ಭುಜ ಅಲುಗದು, ಭುಜ ಅಲುಗದಿದ್ದರೆ ಮಣಿಕಟ್ಟು ತನ್ನ ಕೆಲಸಕ್ಕೆ ಬಿಡುವಾಗುತ್ತದೆ, ಆಮೇಲೆ ಬೆರಳಿನ ಸರದಿ. ನಾವು ಬೆರಳನ್ನು ನೋಡುತ್ತೇವೆ, ಕೆಲಸ ಸೊಂಟದಿಂದ ಶುರುವಾಗಿರುತ್ತದೆ! ಹಿಡಿತ ಸಡಿಲವಾದರೆ ಕಾಳು ಜಾರುತ್ತದೆ, ಬಿಗಿಯಾದರೆ ಜಜ್ಜಿ ಹೋಗುತ್ತದೆ. ಎರಡರ ನಡುವೆ ಸಾಸಿವೆಯಷ್ಟು ಜಾಗ. ಆ ಜಾಗವನ್ನು ಹುಡುಕಲು ಬೆರಳತುದಿಯ ಚರ್ಮ, ಸ್ನಾಯುಗಳೊಳಗೆ ಹುದುಗಿರುವ ಎಳೆತದ ಸಂವೇದಕಗಳು, ಕಣ್ಣು, ಒಳಗಿವಿ ಎಲ್ಲವೂ ಕ್ಷಣಕ್ಷಣಕ್ಕೂ ಸುದ್ದಿ ಕಳಿಸುತ್ತಿರುತ್ತವೆ. ಆ ಸುದ್ದಿ ತಲುಪುವ ಜಾಗಗಳಲ್ಲೊಂದು ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು. ಮೆದುಳಿನ ತೂಕದಲ್ಲಿ ಅದರ ಪಾಲು ಸುಮಾರು ಹತ್ತರಲ್ಲಿ ಒಂದು. ಆದರೆ ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇರುವುದು ಅಲ್ಲೇ! ಲೆಕ್ಕ ಓದಿ ನಾನು ಪುಸ್ತಕ ಮುಚ್ಚಿ ಮತ್ತೆ ತೆರೆದು ನೋಡಿದೆ. 'ಅಂದುಕೊಂಡಿದ್ದು ಇದು, ಆಗಿದ್ದು ಇದು' ಎಂದು ಪ್ರತಿ ಚಲನೆಯನ್ನೂ ತೂಗಿ ನೋಡಿ, ಮುಂದಿನ ಸಲಕ್ಕೆ ತಿದ್ದುವ ಅಂಗಕ್ಕೆ ನಿಸರ್ಗ ಅಷ್ಟು ಕೋಶಗಳನ್ನು ಸುರಿದಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಕಿರುಮೆದುಳು ಇನ್ನಷ್ಟು ಚಿಕ್ಕದು. ಹಾಗಿದ್ದೂ ಅವಳ ಕಾಳು ಹಾರಿತು.

ಇನ್ನು ಎಲುಬಿನ ಕತೆ. ಹಸುಗೂಸಿನ ಕೈಯ ಎಕ್ಸ್-ರೇ ನೋಡಿದವರು ಬೆಚ್ಚುತ್ತಾರೆ. ಮಣಿಕಟ್ಟಿನ ಜಾಗದಲ್ಲಿ ಎಲುಬೇ ಕಾಣುವುದಿಲ್ಲ! ಬೆರಳುಗಳ ಎಲುಬು ಇವೆ, ಮುಂಗೈಯ ಎಲುಬು ಇವೆ, ನಡುವೆ ಬರೀ ಖಾಲಿ. ಅಲ್ಲಿರಬೇಕಾದ ಎಂಟು ಪುಟ್ಟ ಎಲುಬುಗಳು ಆಗಿನ್ನೂ ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗಲು ಶುರುವಾಗುತ್ತವೆ, ಉಳಿದವು ವರ್ಷಗಳ ಮೇಲೆ ಒಂದೊಂದಾಗಿ ಮೂಡುತ್ತವೆ, ಕೊನೆಯದು ಕಾಣುವ ಹೊತ್ತಿಗೆ ಮಗುವಿಗೆ ಒಂಬತ್ತೋ ಹತ್ತೋ ವರ್ಷ. ಅಂದರೆ ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ತುರುಕಿ ಎರಡು ಗೆರೆಗಳ ನಡುವೆ ಬರೆಯೆಂದು ನಾವು ಗದರುವಾಗ, ಆ ಕೈಯ ಕಟ್ಟಡ ಇನ್ನೂ ಅರ್ಧದಲ್ಲಿರುತ್ತದೆ. ಇದು ಎಲ್ಲ ಮಕ್ಕಳ ಮಾತು. ಇದನ್ನು ತಿಳಿದ ಮೇಲೆ ನನಗೆ ನಮ್ಮ ಎಲ್‌ಕೆಜಿಗಳ ಕಾಪಿ ಪುಸ್ತಕ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಷ್ಟೆಲ್ಲ ಅದ್ಭುತ ನಮ್ಮ ಮನೆಯಲ್ಲೇ ನಡೆಯಬಹುದಿತ್ತು, ನಾವೇ ತಡೆಹಿಡಿದಿದ್ದೆವು. ಅದು ಗೊತ್ತಾದದ್ದು ಒಂದು ಪ್ರಶ್ನೆಯಿಂದ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಒಬ್ಬ ಫಿಸಿಯೋಥೆರಪಿಸ್ಟ್ ಅವಳನ್ನು ತಟ್ಟಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ಅಮ್ಮಾ, ಇವಳ ಕಾಲು ದಿನಕ್ಕೆ ಎಷ್ಟು ಹೊತ್ತು ನೆಲ ಮುಟ್ಟುತ್ತೆ?"

ನಾವು ಮುಖ ಮುಖ ನೋಡಿಕೊಂಡೆವು. ಬೆಳಿಗ್ಗೆ ಅಜ್ಜಿಯ ಸೊಂಟದ ಮೇಲೆ, ಆಮೇಲೆ ತಾತನ ಹೆಗಲ ಮೇಲೆ, ಮಧ್ಯಾಹ್ನ ನನ್ನ ಮಡಿಲು, ಸಂಜೆ ಅವಳಮ್ಮನ ಕಂಕುಳು. ಪಾಪ, ಕೂಸಿಗೆ ಶಕ್ತಿಯಿಲ್ಲ ಎಂದು ಮನೆಮಂದಿಯೆಲ್ಲ ಸರದಿಯ ಮೇಲೆ ಹೊತ್ತಿದ್ದೇ ಹೊತ್ತಿದ್ದು. ಎಚ್ಚರವಿದ್ದ ಅಷ್ಟೂ ಹೊತ್ತಿನಲ್ಲಿ ಅವಳ ಕಾಲು ನೆಲ ಕಂಡದ್ದು ಒಂದು ಗಂಟೆಯೂ ಇರಲಾರದು.

ಆ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಸಿಕ್ಕಿದ್ದು ಎರಡು ಬೆಕ್ಕಿನ ಮರಿಗಳು. 1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಅದು. ಕತ್ತಲಲ್ಲಿ ಬೆಳೆಸಿದ ಮರಿಗಳ ಹತ್ತು ಜೋಡಿ. ನಡುವೆ ಒಂದು ಕಂಬ, ಅದರ ಮೇಲೆ ತಿರುಗುವ ಅಡ್ಡಕೋಲು, ನಮ್ಮ ಜಾತ್ರೆಯ ತಿರುಗುಣಿ ತೊಟ್ಟಿಲ ಹಾಗೆ. ಒಂದು ತುದಿಗೆ ಕಟ್ಟಿದ ಮರಿ ತನ್ನ ಕಾಲಲ್ಲಿ ತಾನೇ ನಡೆಯಬಹುದು. ಇನ್ನೊಂದು ತುದಿಯ ಬುಟ್ಟಿಯಲ್ಲಿ ಕೂತ ಮರಿಯ ಕಾಲು ನೆಲಕ್ಕೆ ತಾಗುವುದಿಲ್ಲ. ಮೊದಲನೆಯದು ನಡೆದ ಹಾಗೆಲ್ಲ ಎರಡನೆಯದೂ ಅಷ್ಟೇ ದೂರ, ಅಷ್ಟೇ ವೇಗದಲ್ಲಿ ಸುತ್ತುತ್ತದೆ. ಸುತ್ತಲಿನ ಗೋಡೆಯ ಪಟ್ಟೆಗಳು ಎರಡಕ್ಕೂ ಒಂದೇ ರೀತಿ ಕಾಣುತ್ತವೆ. ದಿನಕ್ಕೆ ಮೂರು ಗಂಟೆಯಂತೆ ಹೀಗೇ ನಡೆಯಿತು.

ಆಮೇಲೆ ಪರೀಕ್ಷೆ. ಗಾಜಿನ ಹಲಗೆಯ ಒಂದು ಬದಿ ಕೆಳಗೆ ಆಳ, ಇನ್ನೊಂದು ಬದಿ ಆಳವಿಲ್ಲ. ನಡೆದ ಮರಿ ಪ್ರತಿ ಸಲವೂ ಆಳವಿಲ್ಲದ ಕಡೆಗೇ ಇಳಿಯಿತು. ಬುಟ್ಟಿಯಲ್ಲಿ ಕೂತ ಮರಿಗೆ ಆಳ ಯಾವುದು, ಅಲ್ಲದ್ದು ಯಾವುದು ಎಂಬುದೇ ಗೊತ್ತಾಗಲಿಲ್ಲ. ಮೇಜಿನ ಹತ್ತಿರ ಇಳಿಸಿದರೆ ಮುಂಗಾಲು ಚಾಚಲಿಲ್ಲ, ಕಣ್ಣಿನತ್ತ ವಸ್ತು ತಂದರೆ ಮಿಟುಕಿಸಲಿಲ್ಲ. ಕಣ್ಣು ಚೆನ್ನಾಗಿತ್ತು, ಕಾಲೂ ಚೆನ್ನಾಗಿತ್ತು, ಕಂಡದ್ದೂ ಅಷ್ಟೇ ಇತ್ತು. ಇಲ್ಲದಿದ್ದದ್ದು ಒಂದೇ: ನಾನು ಹೆಜ್ಜೆಯಿಟ್ಟೆ, ಅದಕ್ಕೇ ಲೋಕ ಸರಿಯಿತು ಎನ್ನುವ ಅನುಭವ! ಓದುತ್ತಾ ನನ್ನ ಕಣ್ಣ ಮುಂದೆ ಬಂದದ್ದು ಬೆಕ್ಕಿನ ಮರಿಯಲ್ಲ, ಅಮ್ಮನ ಸೊಂಟದ ಮೇಲೆ ಕೂತು ಇಡೀ ಊರು ಸುತ್ತಿದ್ದ ನಮ್ಮ ಕೂಸು. ಆದರೆ ಆ ಪ್ರಯೋಗದ ವರದಿಯಲ್ಲಿ ಇನ್ನೊಂದು ವಿಷಯವಿತ್ತು, ನಾನು ಅದನ್ನು ಮೂರು ಸಲ ಓದಿದೆ. ಬುಟ್ಟಿಯ ಮರಿಯನ್ನು ಬೆಳಕಿರುವ ಕೋಣೆಯಲ್ಲಿ 48 ಗಂಟೆ ಇಷ್ಟಬಂದಂತೆ ಓಡಾಡಲು ಬಿಟ್ಟರು. ಅದೂ ಎಲ್ಲವನ್ನೂ ಕಲಿತುಬಿಟ್ಟಿತು.

ಹಾಗಾದರೆ ನಡೆಯಲು ಕಲಿಯುವುದಕ್ಕೆ ಎಷ್ಟು ನಡೆಯಬೇಕು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಅಡಾಲ್ಫ್ ಮತ್ತವರ ತಂಡ ಇದನ್ನು ಎಣಿಸಿಯೇಬಿಟ್ಟಿದೆ. 12ರಿಂದ 19 ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡುವುದನ್ನು ಚಿತ್ರೀಕರಿಸಿ, ಹೆಜ್ಜೆ ಹೆಜ್ಜೆಯನ್ನೂ ಲೆಕ್ಕ ಹಾಕಿದರು. 2012ರಲ್ಲಿ ಬಂದ ಫಲಿತಾಂಶ: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳು! ಒಂದು ಗಂಟೆಗೆ ಹದಿನೇಳು ಸಲ ಬಿದ್ದು, ಹದಿನೇಳು ಸಲ ಎದ್ದು, ಸುಮಾರು 700 ಮೀಟರ್ ದೂರ. ನಾಲ್ಕು ಗೋಡೆಗಳ ನಡುವೆ, ಯಾರೂ ಹೇಳಿಕೊಡದೆ. ಸ್ನಾಯುವಿನ ಬಿಗಿ ಕಡಿಮೆಯಿರುವ ಮಗುವಿಗೂ ನಡಿಗೆ ಬರಬೇಕಾದರೆ ಇಂಥದೇ ಹೆಜ್ಜೆಗಳ ರಾಶಿ ಬೇಕು. ನಾವು ಕೊಟ್ಟದ್ದು ವಾರಕ್ಕೆರಡು ದಿನ, ಅರ್ಧರ್ಧ ಗಂಟೆಯ ಥೆರಪಿ.

ಆದರೆ ನಿಲ್ಲಲೇ ಆಗದ ಮಗು ಸಾವಿರಾರು ಹೆಜ್ಜೆ ಇಡುವುದು ಹೇಗೆ? ಇಲ್ಲಿ ಎಸ್ತರ್ ಥೀಲೆನ್ ಎಂಬ ವಿಜ್ಞಾನಿ ಬರುತ್ತಾರೆ. ಇವರ ಕೆಲಸದ ಬಗ್ಗೆ ಓದಿದ ದಿನ ನಾನು ಊಟ ಮರೆತಿದ್ದೆ.

ಆಗತಾನೇ ಹುಟ್ಟಿದ ಕೂಸಿನ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದು ಪಾದವನ್ನು ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಹಾಕುತ್ತದೆ. ಬಲಗಾಲು, ಎಡಗಾಲು, ಬಲಗಾಲು. ಎರಡು ತಿಂಗಳಾಗುವ ಹೊತ್ತಿಗೆ ಆ ಹೆಜ್ಜೆ ಮಾಯ. ಮೆದುಳು ಬಲಿತು ಅದನ್ನು ಅದುಮಿಡುತ್ತದೆ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಥೀಲೆನ್ ಅವರಿಗೆ ಅನುಮಾನ ಬಂತು. ಅಂಗಾತ ಮಲಗಿದಾಗ ಅದೇ ಕೂಸು ಅದೇ ಲಯದಲ್ಲಿ ಕಾಲು ಬಡಿಯುತ್ತದಲ್ಲ! 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಮಾಡಿದ್ದು ಅಷ್ಟೇ, ಕೂಸನ್ನು ಎದೆಯವರೆಗೆ ನೀರಿನಲ್ಲಿ ನಿಲ್ಲಿಸಿದರು. ಕಾಲಿನ ಭಾರ ಇಳಿಯಿತು, ಹೆಜ್ಜೆ ಮರಳಿತು! ಮೆದುಳು ಯಾವುದನ್ನೂ ಅಳಿಸಿರಲಿಲ್ಲ. ಕಾಲಿಗೆ ಕೊಬ್ಬು ಬೇಗ ತುಂಬಿತ್ತು, ಎತ್ತುವ ಬಲ ಇನ್ನೂ ಬಂದಿರಲಿಲ್ಲ, ಅಷ್ಟೇ. ಮುಂದೆ ಅವರು ಏಳು ತಿಂಗಳ ಮಕ್ಕಳನ್ನು ಮೆಲ್ಲಗೆ ಸರಿಯುವ ಟ್ರೆಡ್‌ಮಿಲ್ ಮೇಲೆ ಎತ್ತಿ ಹಿಡಿದರು. ನಡಿಗೆಯೇ ಬಾರದ ಆ ಮಕ್ಕಳು ಕೂಡಲೇ ಕಾಲು ಬದಲಿಸಿ ಬದಲಿಸಿ ಹೆಜ್ಜೆ ಹಾಕತೊಡಗಿದವು. ಹೆಜ್ಜೆ ಒಳಗೇ ಇತ್ತು, ನೆಲ ಬದಲಾಗಬೇಕಿತ್ತು.

ಈ ಹೊಳಹನ್ನು ಹಿಡಿದು ಡೇಲ್ ಉಲ್ರಿಕ್ ಮತ್ತು ಜೊತೆಗಾರರು ಡೌನ್ ಸಿಂಡ್ರೋಮ್ ಇರುವ 30 ಮಕ್ಕಳ ಜೊತೆ ಕೆಲಸ ಮಾಡಿದರು. ಆಸರೆಯಿಲ್ಲದೆ ಅರ್ಧ ನಿಮಿಷ ಕೂರಲು ಬಂದ ಮಕ್ಕಳು ಅವರು. ಅರ್ಧದಷ್ಟು ಮನೆಗಳಿಗೆ ಒಂದೊಂದು ಪುಟ್ಟ ಟ್ರೆಡ್‌ಮಿಲ್ ಕೊಟ್ಟರು. ವಾರಕ್ಕೆ ಐದು ದಿನ, ದಿನಕ್ಕೆ ಬರೀ ಎಂಟು ನಿಮಿಷ. ಹಿಡಿದುಕೊಳ್ಳುವವರು ಅಪ್ಪ ಅಮ್ಮ, ಹೆಜ್ಜೆ ಹಾಕುವುದು ಮಗು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿಗೆ ಮಾಮೂಲಿ ಫಿಸಿಯೋಥೆರಪಿ ಇದ್ದೇ ಇತ್ತು. ಆದರೂ ಟ್ರೆಡ್‌ಮಿಲ್ ಮೇಲೆ ಕಾಲಾಡಿಸಿದ ಮಕ್ಕಳು ಉಳಿದವರಿಗಿಂತ 101 ದಿನ ಮೊದಲು ತಾವಾಗಿಯೇ ನಡೆದರು! ನೂರು ದಿನವೇನು ಮಹಾ ಎನ್ನಬೇಡಿ. ಆ ನೂರು ದಿನ ಮಗು ತಾನೇ ಬಾಗಿಲ ಬಳಿ ಹೋಗಿ ಇಣುಕುತ್ತದೆ, ಬೇಕಾದ ಡಬ್ಬಿಯನ್ನು ತಾನೇ ಎಳೆಯುತ್ತದೆ, ಬೇಡವಾದವರಿಂದ ದೂರ ಸರಿಯುತ್ತದೆ. ದಿನಕ್ಕೆ ಹತ್ತಾರು ಸಲ 'ಅದೇನು?' ಎಂದು ಬೆರಳು ತೋರಿಸುತ್ತದೆ, ನಾವು ಉತ್ತರ ಹೇಳುತ್ತೇವೆ. ಮಾತು ಬರುವುದೇ ಹಾಗಲ್ಲವೇ?

ಮಗು ತಾನಾಗಿಯೇ ಓಡಾಡಬೇಕೆಂಬ ಇದೇ ಮಾತನ್ನು ಆಗ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಕೋಲ್ ಗ್ಯಾಲೊವೇ ಇನ್ನೊಂದು ದಾರಿಯಲ್ಲಿ ಹಿಡಿದರು. ಅಂಗಡಿಯಲ್ಲಿ ಸಿಗುವ ಬ್ಯಾಟರಿ ಆಟಿಕೆ ಕಾರು. ಅದಕ್ಕೊಂದು ದೊಡ್ಡ ಗುಂಡಿ, ಬೆನ್ನಿಗೆ ಆಸರೆ, ಪಿವಿಸಿ ಪೈಪಿನ ಚೌಕಟ್ಟು. ಕಾಲೇ ಆಡದ ಮಗು ಗುಂಡಿಗೆ ಕೈಯಿಟ್ಟರೆ ಕಾರು ಮುಂದೆ ಹೋಗುತ್ತದೆ. ಇದಕ್ಕಿಂತ ಚೆಂದದ್ದು ಇನ್ನೊಂದಿದೆ: ಮಗು ಎದ್ದು ನಿಂತರೆ ಮಾತ್ರ ಓಡುವ, ಕೂತರೆ ನಿಲ್ಲುವ ಕಾರು! ನಿಲ್ಲು ಎಂದು ಯಾರೂ ಹೇಳಬೇಕಿಲ್ಲ, ಕಾರೇ ಹೇಳುತ್ತದೆ.

ನಮ್ಮಲ್ಲಿ ಆ ಕಾರಿಗೂ ಮೊದಲೇ ಒಂದು ವಾಹನವಿತ್ತು. ಚನ್ನಪಟ್ಟಣದ ಮೂರು ಗಾಲಿಯ ಮರದ ನಡೆಗಾಡಿ! ಅರಗಿನ ಬಣ್ಣದಲ್ಲಿ ಹೊಳೆಯುವ, ತಳ್ಳಿದರೆ ಟಕಟಕ ಸದ್ದು ಮಾಡುವ ಗಾಡಿ. ಕೂರಿಸಿ ಬಿಡುವ ಪ್ಲಾಸ್ಟಿಕ್ ವಾಕರಿನಲ್ಲಿ ಮಗುವಿನ ಭಾರವನ್ನು ಸೀಟು ಹೊರುತ್ತದೆ. ನಡೆಗಾಡಿಯಲ್ಲಿ ಮಗು ತನ್ನ ಭಾರವನ್ನು ತಾನೇ ಹೊತ್ತು, ತಾನೇ ತಳ್ಳಿ, ತಾನೇ ನಿಲ್ಲಿಸಬೇಕು. ನಮ್ಮ ಹುಡುಗಿಯ ಗಾಡಿ ಮೊದಮೊದಲು ಅವಳಿಗಿಂತ ಮುಂದೆ ಓಡಿಬಿಡುತ್ತಿತ್ತು. ಥೆರಪಿಸ್ಟ್ ಹೇಳಿದಂತೆ ಅದರ ಮುಂದಿನ ಕೋಲಿಗೆ ಎರಡು ಕೆಜಿ ಅಕ್ಕಿಯ ಚೀಲ ಕಟ್ಟಿದೆವು. ಗಾಡಿ ತೂಕವಾಯಿತು, ಓಟ ನಿಧಾನವಾಯಿತು, ಅವಳು ಬೀಳುವುದು ಕಡಿಮೆಯಾಯಿತು. ಎಷ್ಟು ಸಣ್ಣ ಬದಲಾವಣೆ! ಥೀಲೆನ್ ಅವರ ನೀರಿನ ತೊಟ್ಟಿಗೂ ನಮ್ಮ ಅಕ್ಕಿ ಚೀಲಕ್ಕೂ ನಡುವೆ ನನಗೆ ದೂರವೇ ಕಾಣಲಿಲ್ಲ.

ಎಳವೆಯಲ್ಲೇ ಮೆದುಳಿಗೆ ಆದ ಪೆಟ್ಟಿನಿಂದ ಚಲನೆ ಕುಂದುವ ಸೆರೆಬ್ರಲ್ ಪಾಲ್ಸಿಯ ಮಕ್ಕಳ ವಿಷಯದಲ್ಲಿ, ಮಗು ತಾನೇ ಮಾಡಿ ಕಲಿಯಬೇಕೆಂಬ ಈ ಮಾತು ಇನ್ನೂ ಗಟ್ಟಿಯಾಗಿದೆ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ, ಮತ್ತೆ 2020ರಲ್ಲಿ, ಈ ಮಕ್ಕಳಿಗೆ ಕೊಡುವ ಚಿಕಿತ್ಸೆಗಳ ಪುರಾವೆಗಳನ್ನೆಲ್ಲ ಜರಡಿ ಹಿಡಿದು ಟ್ರಾಫಿಕ್ ಸಿಗ್ನಲ್ಲಿನ ಹಾಗೆ ಕೆಂಪು, ಹಳದಿ, ಹಸಿರು ಬಣ್ಣ ಕೊಟ್ಟರು. ಮಗು ಸುಮ್ಮನೆ ಮಲಗಿರುವಾಗ ದೊಡ್ಡವರು ಅದರ ಕೈಕಾಲು ಹಿಡಿದು ಆಡಿಸುವ ವಿಧಾನಗಳಿಗೆ ಹಸಿರು ಸಿಗಲಿಲ್ಲ. ಮಗುವೇ ಆರಿಸಿಕೊಂಡ ಗುರಿ, ಮಗುವೇ ಮಾಡುವ ನಿಜವಾದ ಕೆಲಸ, ಮನೆಯಲ್ಲೇ ಮತ್ತೆ ಮತ್ತೆ ಅಭ್ಯಾಸ: ಇವಕ್ಕೆ ಹಸಿರು ಸಿಕ್ಕಿತು. ಒಂದು ಕೈ ಮಾತ್ರ ದುರ್ಬಲವಾಗಿರುವ ಮಕ್ಕಳಿಗೆ ಚೆನ್ನಾಗಿರುವ ಕೈಗೆ ಕೆಲಹೊತ್ತು ಚೀಲ ತೊಡಿಸಿ, ಸೋತ ಕೈಯಲ್ಲೇ ಆಡಿಸುವ ಪದ್ಧತಿಗೂ ಹಸಿರು. ಆ ಕೈ ಆಡದಿರುವುದಕ್ಕೆ ನರದ ಪೆಟ್ಟು ಒಂದು ಕಾರಣ, ಬಳಸದೇ ಬಿಟ್ಟು ಬಿಟ್ಟು ಬಳಸಬಾರದೆಂದು ಕಲಿತುಬಿಟ್ಟದ್ದು ಇನ್ನೊಂದು ಎಂದು ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ತೋರಿಸಿಕೊಟ್ಟಿದ್ದರು. ಕಲಿತದ್ದನ್ನು ಮರೆಸಬಹುದು ಎಂಬುದೇ ಎಂಥ ಸುದ್ದಿ!

ಯಾವ ಹೆಸರಿನ ಕಾಯಿಲೆಯೂ ಮೇಲೆ ಕಾಣದ ಮಕ್ಕಳೂ ಇದ್ದಾರೆ. ನೂರು ಶಾಲಾಮಕ್ಕಳಲ್ಲಿ ಐದಾರು ಮಕ್ಕಳಿಗೆ ಚಲನೆಗಳನ್ನು ಹೊಂದಿಸುವುದೇ ಕಷ್ಟ. ಬುದ್ಧಿ ಚುರುಕಾಗಿಯೇ ಇರುತ್ತದೆ, ಶೂ ಲೇಸು ಕಟ್ಟಲು ಬರುವುದಿಲ್ಲ, ಚೆಂಡು ಕೈಗೆ ಸಿಗುವುದಿಲ್ಲ, ಅಕ್ಷರ ಗೆರೆ ದಾಟಿ ಓಡುತ್ತದೆ. ಇವರಿಗೆ 'ಸೋಮಾರಿ' ಎಂಬ ಹೆಸರು ಬೀಳುತ್ತದೆ. ಆ ಹೆಸರಿಟ್ಟವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಈಗ ನಮ್ಮ ಅಡುಗೆಮನೆಯೇ ನನಗೆ ಬೇರೆಯಾಗಿ ಕಾಣುತ್ತಿದೆ. ಅಮ್ಮ ರಂಗೋಲಿ ಪುಡಿ ಹಿಡಿಯುವ ಚಿಟಿಕೆಯನ್ನು ಹಿಂದೆಂದೂ ನೋಡದೇ ಇದ್ದವರ ಹಾಗೆ ನೋಡುತ್ತೇನೆ: ಹೆಬ್ಬೆರಳು, ತೋರುಬೆರಳು, ನಡುವೆ ಒಂದೇ ಸಮನೆ ಸುರಿಯುವ ಎಳೆ. ಪೆನ್ಸಿಲ್ ಹಿಡಿಯುವ ಬೆರಳುಗಳೂ ಅವೇ! ಹೂ ಕಟ್ಟುವಾಗ ಒಂದು ಕೈ ಹಿಡಿಯುತ್ತದೆ, ಇನ್ನೊಂದು ಸುತ್ತುತ್ತದೆ. ಎರಡು ಕೈ ಎರಡು ಕೆಲಸ ಮಾಡುತ್ತಾ ಒಂದೇ ಕೆಲಸ ಮುಗಿಸುವುದು ಈ ಮಕ್ಕಳಿಗೆ ಬೆಟ್ಟದಷ್ಟು ಕಷ್ಟ, ಅದಕ್ಕೇ ಅದು ಅಷ್ಟು ಒಳ್ಳೆಯ ಅಭ್ಯಾಸ. ಚಪಾತಿ ಹಿಟ್ಟು ನಾದುವುದು ಭುಜಕ್ಕೆ, ಬಟಾಣಿ ಬಿಡಿಸುವುದು ಬೆರಳಿಗೆ, ಒದ್ದೆ ಬಟ್ಟೆ ಹಿಂಡುವುದು ಮಣಿಕಟ್ಟಿಗೆ. ಸ್ಲೇಟಿನ ಮೇಲೆ ಬರೆಯುವ ಬಳಪ ಮುರಿದು ಚೂರಾದರೆ ಬೇಸರ ಪಡಬೇಡಿ ಎಂದರು ಆಕ್ಯುಪೇಷನಲ್ ಥೆರಪಿಸ್ಟ್. ಉದ್ದ ಬಳಪವನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಚೂರು ಬಳಪಕ್ಕೆ ಮುಷ್ಟಿ ಒಗ್ಗುವುದಿಲ್ಲ, ಬೆರಳೇ ಬೇಕು. ಕೂತಾಗ ಕಾಲು ಜೋತಾಡದಂತೆ ಪಾದದ ಕೆಳಗೆ ಒಂದು ಮಣೆ ಇಟ್ಟದ್ದೇ ತಡ, ಅವಳ ಗೆರೆಯ ನಡುಕ ಅರ್ಧ ಇಳಿಯಿತು. ನಾನು ಕಣ್ಣಾರೆ ಕಂಡೆ. ಬೆರಳಿನ ಕೆಲಸ ಪಾದದಿಂದ ಶುರು!

ಅಕ್ಷರಾಭ್ಯಾಸದ ತಟ್ಟೆಯನ್ನೂ ನಾವು ಒಂದು ದಿನದ ಶಾಸ್ತ್ರಕ್ಕೆ ಮುಗಿಸಿಬಿಟ್ಟೆವಲ್ಲ. ಅಕ್ಕಿಯ ಮೇಲೆ ಬೆರಳಾಡಿಸಿದರೆ ಅಕ್ಕಿ ಎದುರು ತಳ್ಳುತ್ತದೆ, ಚರ್ಮಕ್ಕೆ ಗೆರೆಯ ದಾರಿ ತಿಳಿಯುತ್ತದೆ, ತಪ್ಪಿದರೆ ಒಮ್ಮೆ ಅಲುಗಿಸಿದರೆ ಅಳಿಸಿಹೋಗುತ್ತದೆ. ಹಿಂದಿನ ಐಗಳ ಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದುದೂ ಹೀಗೇ. ಇನ್ನೊಂದು ಖುಷಿಯ ವಿಷಯ ಹೇಳಿಬಿಡುತ್ತೇನೆ. ಮಕ್ಕಳ ಕೈಗೆ ಸೊನ್ನೆ ಸುಮಾರು ಮೂರು ವರ್ಷಕ್ಕೆ ಬರುತ್ತದೆ, ಮೂಲೆಗಳಿರುವ ಚೌಕ ಅದರ ನಂತರ, ತ್ರಿಕೋನ ಇನ್ನೂ ತಡ. ನಮ್ಮ ಲಿಪಿ ನೋಡಿ, ರ, ಠ, ದ, ಎಲ್ಲಿ ನೋಡಿದರೂ ಸೊನ್ನೆ ಮತ್ತು ಬಾಗು!

ಕೆಲವು ಎಚ್ಚರಿಕೆ ಬೇಕೇ ಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಮೇಲಿನ ಎರಡು ಎಲುಬುಗಳ ಜೋಡಣೆ ಸಡಿಲವಿರುತ್ತದೆ, ವೈದ್ಯರನ್ನು ಕೇಳದೆ ಲಾಗ ಹಾಕಿಸಬಾರದು. ಹಳ್ಳಿಯಲ್ಲಿದ್ದೇವೆ, ಎಲ್ಲಿಗೆ ಹೋಗುವುದು ಎನ್ನುವವರು ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯನ್ನೋ ಕೇಳಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಬೆಳವಣಿಗೆಯ ತಪಾಸಣೆಯಿದೆ, ಅದರಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣವೂ ಇದೆ. ಎರಡು ವರ್ಷ ಕಾಯದೆ ಮೊದಲ ತಿಂಗಳಲ್ಲೇ ಹೋಗಿ. ನಾವು ಕಾದೆವು.

ಹಿದುಕಿದ ಬೇಳೆಯ ಸಾರು ಆ ರಾತ್ರಿ ತಡವಾಯಿತು. ಅವಳು ಇನ್ನೂ ಹನ್ನೊಂದು ಕಾಳು ಹಾರಿಸಿದಳು, ನಾನು ಎಣಿಸಿದ್ದೇನೆ. ನಾಲ್ಕು ಪಾತ್ರೆಗೆ ಬಿದ್ದವು. ಆಮೇಲೆ ಗೋಡೆಯ ಬುಡದಲ್ಲಿ ಬಿದ್ದವನ್ನು ಹೆಕ್ಕಲು ಹೋದಳು. ಒಂದು ಕಾಳು ಉರುಳಿ ಹೊಸ್ತಿಲು ದಾಟಿ ಹಿತ್ತಿಲ ಕಡೆಯ ಮೆಟ್ಟಿಲ ಮೇಲೆ ನಿಂತಿತ್ತು. ಅವಳು ಹೊಸ್ತಿಲ ಬಳಿ ನಿಂತು ಬಲಗಾಲು ಚಾಚಿ ಆಳ ನೋಡಿದಳು, ಹಿಂದಕ್ಕೆ ತೆಗೆದುಕೊಂಡಳು. ನನ್ನಮ್ಮನ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು. "ಬಿಡಮ್ಮ, ತಡಿ" ಎಂದಳು ತಂಗಿ, ಪಿಸುಮಾತಿನಲ್ಲಿ. ಅಮ್ಮ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡರು.

ಹುಡುಗಿ ಹೊಸ್ತಿಲ ಮೇಲೆ ಕೂತಳು. ಮೆಲ್ಲಗೆ ಹೊರಳಿ, ಹೊಟ್ಟೆ ಕೆಳಗೆ ಮಾಡಿ, ನಮ್ಮ ಮುಖ ನೋಡುತ್ತಾ, ಒಂದೊಂದೇ ಕಾಲನ್ನು ಹಿಂದಕ್ಕೆ ಇಳಿಬಿಟ್ಟು ಮೆಟ್ಟಿಲನ್ನು ಹುಡುಕತೊಡಗಿದಳು.